ಒಕ್ಕಣ್ಣಿನ ಬೇಟೆಗಾರ

ನಾರಾಯಣಪೇಟೆ ಸೀಮೆಯ ಧನ್ವಾಡ, ಮಕ್ತಲ್ ಕಡೆಯ ಕೆರೆಯಿಂದ ಒಂದು ಗಾಜಿನ ಲೋಟ ನೀರು ತಂದು ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕೆಗಳು ಚಿಮ್ಮಿ ಚಿಮ್ಮಿ ಓಡಾಡುತ್ತಿದ್ದರೆ ಅವುಗಳಲ್ಲಿ ಸೈಕ್ಲಾಪ್ಸ್ ಎಂಬ ಜೀವಿ ಇರುವ ಸಂಭವ ಹೆಚ್ಚು. ಮಿಲಿಮೀಟರ್ ಆಸುಪಾಸಿನ ಮೈ, ತಲೆಯ ನಡುವೆ ಒಂದೇ ಕಣ್ಣು. ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಹೆಸರು ಇದಕ್ಕೆ ಅಂಟಿದ್ದು ಹೀಗೆ.

ಆ ಕಣ್ಣಿಗೆ ಬೆಳಕು ಕತ್ತಲೆಗಿಂತ ಹೆಚ್ಚೇನೂ ತಿಳಿಯದು. ಬೇಟೆಯ ಸುಳಿವು ಕೊಡುವುದು ಮೀಸೆ. ಸುತ್ತಲಿನ ನೀರು ಒಂದಿಷ್ಟು ಅಲುಗಿದರೂ ಮೀಸೆಯ ಸೂಕ್ಷ್ಮ ರೋಮಗಳಿಗೆ ಗೊತ್ತಾಗುತ್ತದೆ. ಆದರೆ ಹಿಡಿಯುವುದು ಸುಲಭವಲ್ಲ. ಇಷ್ಟು ಚಿಕ್ಕ ಜೀವಿಗೆ ನೀರು ಜೇನಿನಷ್ಟು ಮಂದ. ಮೆಲ್ಲಗೆ ಕೈ ಚಾಚಿದರೆ ನೀರಿನ ಜೊತೆ ಊಟವೂ ಆಚೆ ಸರಿಯುತ್ತದೆ. ಅದೇ ಕೆರೆಯ ಡಾಫ್ನಿಯಾ ಎಂಬ ಇನ್ನೊಂದು ಪುಟ್ಟ ಜೀವಿ ರೋಮದ ಕಾಲುಗಳನ್ನು ಬಿಡುವಿಲ್ಲದೆ ಆಡಿಸಿ, ನೀರನ್ನೇ ಒಳಗೆಳೆದು ಪಾಚಿಯ ಕಣ ಸೋಸಿಕೊಳ್ಳುತ್ತದೆ. ಸೈಕ್ಲಾಪ್ಸ್‌ಗೆ ಅಷ್ಟು ತಾಳ್ಮೆಯಿಲ್ಲ. ಅಲುಗಾಟ ತಿಳಿದತ್ತ ಥಟ್ಟನೆ ಹಾರಿ, ಬಾಯಿಯ ಸುತ್ತಲಿನ ಮುಳ್ಳುಗೈಗಳಿಂದ ಬಾಚಿ, ಹರಿದು ತಿನ್ನುತ್ತದೆ.

ಈ ಹಸಿವೇ ಒಂದು ಕಾಲಕ್ಕೆ ಜನರ ಕಾಲಿಗೆ ಬಂದಿತ್ತು. ನಾರುಹುಣ್ಣು ಎಂಬ ಹುಳದ ರೋಗ ತಗುಲಿದವರು ಮೆಟ್ಟಿಲು ಬಾವಿಗಿಳಿದರೆ ಹುಣ್ಣಿನಿಂದ ಸಾವಿರಾರು ಮರಿಹುಳಗಳು ನೀರಿಗೆ ಬೀಳುತ್ತಿದ್ದವು. ಅವು ಹೊರಳಾಡುತ್ತವೆ, ಸೈಕ್ಲಾಪ್ಸ್‌ಗೆ ಬೇಕಾದದ್ದೂ ಅದೇ. ನುಂಗಿದ ಮರಿ ಜೀರ್ಣವಾಗದೆ ಸುಮಾರು ಎರಡು ವಾರದಲ್ಲಿ ಅದರ ಮೈಯೊಳಗೇ ಬಲಿಯುತ್ತದೆ. ಆ ನೀರು ಕುಡಿದವರ ಕಾಲಿನಿಂದ ವರ್ಷದ ಹೊತ್ತಿಗೆ ಮೊಳಕ್ಕಿಂತ ಉದ್ದದ, ಕೆಲವೊಮ್ಮೆ ಮೀಟರ್ ಉದ್ದದ ಹುಳ ಹೊರಬರುತ್ತದೆ. ಕರ್ನಾಟಕ, ಅಂದಿನ ಆಂಧ್ರಪ್ರದೇಶ, ರಾಜಸ್ಥಾನ ಮುಂತಾದ ರಾಜ್ಯಗಳು ಈ ನೋವುಂಡಿವೆ.

ಈ ರೋಗಕ್ಕೆ ಲಸಿಕೆಯಿಲ್ಲ, ಹುಳ ಕೊಲ್ಲುವ ಮಾತ್ರೆಯೂ ಇಲ್ಲ. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಹಿಡಿದದ್ದು ಬೇರೆ ದಾರಿ: ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿಸಿದರು, ಸೈಕ್ಲಾಪ್ಸ್ ಕೊಲ್ಲಲು ನೀರಿಗೆ ಟೆಮೆಫಾಸ್ ಎಂಬ ಔಷಧಿ ಹಾಕಿದರು, ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. ಸೀರೆಗೆ ಹೆಸರಾದ ನಾರಾಯಣಪೇಟೆ ಸೀಮೆಯಲ್ಲಿ ಬಟ್ಟೆಗೇನು ಬರವೇ! ಮಿಲಿಮೀಟರ್ ಗಾತ್ರದ ಬೇಟೆಗಾರ ನೇಯ್ಗೆಯ ಕಣ್ಣಲ್ಲಿ ತೂರಲಾರ. ನನ್ನ ಮಟ್ಟಿಗೆ, ನಮ್ಮ ಆರೋಗ್ಯ ಇಲಾಖೆಗಳ ಅತಿ ಅಗ್ಗದ ಗೆಲುವು ಇದು.

ಹಾಗೆಂದು ಸೈಕ್ಲಾಪ್ಸ್‌ನ ಮೇಲೆ ದೋಷ ಹೊರಿಸುವುದು ಬೇಡ. ಅದರ ಬಳಗದ ಮೀಸೊಸೈಕ್ಲಾಪ್ಸ್‌ಅನ್ನು ವಿಯೆಟ್ನಾಮಿನ ಹಳ್ಳಿಗರು ಡೆಂಗಿ ಸೊಳ್ಳೆಯ ಮರಿಗಳನ್ನು ತಿನ್ನಲೆಂದೇ ನೀರಿನ ತೊಟ್ಟಿಗೆ ಬಿಟ್ಟಿದ್ದಾರೆ. ಇನ್ನು ನಾರುಹುಣ್ಣಿನ ಕಥೆಗೆ ಬಂದರೆ, ಭಾರತದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು 1996ರ ಜುಲೈನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ದೇಶವನ್ನು ರೋಗಮುಕ್ತವೆಂದು ಸಾರಿತು.