ವಿದ್ಯಾಮಂದಿರಗಳ ಜೀರ್ಣೋದ್ಧಾರ

ಧಾರವಾಡದ ಕರ್ನಾಟಕ ಕಾಲೇಜನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ನಾನು ಅದನ್ನು ಮೊದಲು ಕಂಡುದು ಸಂಸ್ಕೃತ ವ್ಯಾಸಂಗದ ದಿನಗಳಲ್ಲಿ, ಪರೀಕ್ಷೆಯೊಂದರ ನಿಮಿತ್ತ ಆ ಊರಿಗೆ ಹೋಗಿದ್ದಾಗ. ಉದ್ದವಾದ ಕಲ್ಲಿನ ಮೊಗಸಾಲೆಗಳು, ಕಮಾನುಗಳ ಸಾಲು, ಆನೆಯ ಮೇಲೆ ಆನೆ ನಿಂತರೂ ಮುಟ್ಟಲಾರದಂಥ ಎತ್ತರದ ಛಾವಣಿ. ವಿದ್ಯೆಗೆಂದೇ ಇಂಥದನ್ನು ಕಟ್ಟಿಸಿದ ಪುಣ್ಯಾತ್ಮರು ಯಾರಿರಬಹುದೆಂದು ನಾನು ಬೆರಗಾದೆನು. ಹತ್ತಿರ ನಿಂತಿದ್ದ ವೃದ್ಧ ಸೇವಕನೊಬ್ಬನು ನಕ್ಕು, “ಇದು ಕಾಲೇಜಿಗೆ ಕಟ್ಟಿದ್ದಲ್ಲ ಸ್ವಾಮಿ, ರೈಲಿನವರ ಕಚೇರಿ” ಎಂದನು. ಅಂದಿನಿಂದ ಈ ವಿಷಯವು ನನ್ನ ಮನಸ್ಸನ್ನು ಬಿಟ್ಟುದಿಲ್ಲ.

ಆತನ ಮಾತು ನಿಜವೇ ಆಗಿತ್ತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಧಾರವಾಡವನ್ನು ತನ್ನ ಕೇಂದ್ರಸ್ಥಾನ ಮಾಡಿಕೊಂಡು, ಅಲ್ಲಿ ತನ್ನ ಕಚೇರಿಗಳಿಗಾಗಿ ಈ ಭವ್ಯವಾದ ಕಟ್ಟಡವನ್ನು ಎಬ್ಬಿಸಿತು. 1908ರಲ್ಲಿ ಆ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿಹೋದಾಗ ಕಾಗದಪತ್ರಗಳೂ ಗುಮಾಸ್ತರೂ ಮದರಾಸಿಗೆ ಸಾಗಿದರು. ಕಟ್ಟಡ ಮಾತ್ರ ಇಲ್ಲಿಯೇ ಉಳಿಯಿತು. ಆ ಕಾಲಕ್ಕೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಹುಡುಗನೊಬ್ಬನು ಹೈಸ್ಕೂಲು ಮುಗಿಸಿ ಮುಂದೆ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಹೋಗಲಾರದವರು ಓದನ್ನೇ ಬಿಡುತ್ತಿದ್ದರು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದ ಮಹನೀಯರು ಊರೂರಿಗೆ ಹೋಗಿ ದ್ರವ್ಯ ಸಂಗ್ರಹಿಸಿ, ಸರಕಾರದ ಬೆನ್ನುಹತ್ತಿದ ಫಲವಾಗಿ 1917ರಲ್ಲಿ ಕಾಲೇಜು ಆರಂಭವಾಯಿತು. ಮುಂದೆ ರೈಲಿನವರು ತೊರೆದ ಆ ಮನೆಯೇ ಅದರ ಮನೆಯಾಯಿತು. ಬಂಡಿಗಳ ಲೆಕ್ಕ ಬರೆಯುತ್ತಿದ್ದ ಕೋಣೆಗಳಲ್ಲಿ ಕಾಳಿದಾಸನ ಪಾಠ ನಡೆಯಿತೆಂಬುದು ವಿನೋದದ ಮಾತಾದರೂ, ವಿಚಾರಮಾಡಿದರೆ ಅದರಲ್ಲಿ ಒಂದು ಯುಕ್ತಿಯಿದೆ. ಕಚೇರಿಗೆ ಬೇಕಾದುದು ದೊಡ್ಡ ಕೋಣೆ, ಧಾರಾಳವಾದ ಬೆಳಕು, ಒಂದು ಕೋಣೆಯ ಸದ್ದು ಇನ್ನೊಂದಕ್ಕೆ ತಾಗದಂತೆ ದಪ್ಪನಾದ ಗೋಡೆ, ಬಿಸಿಲುಮಳೆಗಳಲ್ಲಿ ಜನ ನಿಲ್ಲಲು ಪಡಸಾಲೆ. ಪಾಠಶಾಲೆಗೂ ಇವೇ ಬೇಕು. ಆದಕಾರಣ ಅಲ್ಲಿ ಒಡೆಯಬೇಕಾದುದು ಕಡಿಮೆಯಾಯಿತು, ಉಳಿಸಿಕೊಳ್ಳುವಂಥದು ಹೆಚ್ಚಾಯಿತು.

ಇಲ್ಲಿ ನನಗೆ ಪೂರ್ವಮೀಮಾಂಸೆಯ ಒಂದು ವಿಚಾರ ನೆನಪಿಗೆ ಬರುತ್ತದೆ. ವಾಚಕರು ಬೇಸರಪಡಬಾರದು, ಮೇಷ್ಟರ ಚಟ ಅಷ್ಟು ಬೇಗ ಬಿಡುವುದಿಲ್ಲ. ಜೈಮಿನಿಯ ಸೂತ್ರಗಳ 9ನೆಯ ಅಧ್ಯಾಯವು ಊಹವೆಂಬುದನ್ನು ನಿರೂಪಿಸುತ್ತದೆ. ಒಂದು ಯಾಗಕ್ಕೆಂದು ವಿಧಿಸಿದ ಮಂತ್ರವನ್ನು ಅದರ ಮಾದರಿಯ ಮತ್ತೊಂದು ಯಾಗದಲ್ಲಿ ಬಳಸಬೇಕಾಗಿ ಬಂದಾಗ, ಅಲ್ಲಿಯ ದೇವತೆ ಅಗ್ನಿಯಾಗಿರದೆ ಸೂರ್ಯನಾಗಿದ್ದರೆ, ಅಗ್ನಿಯ ಹೆಸರಿನ ಸ್ಥಳದಲ್ಲಿ ಸೂರ್ಯನ ಹೆಸರನ್ನು ಇಡತಕ್ಕದ್ದು. ಅಷ್ಟೇ. ಮಿಕ್ಕ ಪದಗಳನ್ನು ಮುಟ್ಟತಕ್ಕದ್ದಲ್ಲ. ಹೊಸ ಪ್ರಯೋಜನವು ಬೇಡುವಷ್ಟು ಮಾತ್ರ ಬದಲಾವಣೆ, ಅದಕ್ಕಿಂತ ಒಂದಕ್ಷರವೂ ಹೆಚ್ಚಲ್ಲ. ಹಳೆಯ ಕಟ್ಟಡವನ್ನು ಹೊಸ ಕೆಲಸಕ್ಕೆ ಒಗ್ಗಿಸುವವರಿಗೆ ಇದಕ್ಕಿಂತ ಉತ್ತಮವಾದ ಸೂತ್ರವನ್ನು ಯಾವ ಇಂಜಿನಿಯರನೂ ಹೇಳಲಾರನೆಂದು ನನ್ನ ಅಭಿಪ್ರಾಯ.

ಆದರೆ ಎಲ್ಲ ಕಟ್ಟಡಗಳೂ ಧಾರವಾಡದ ಕಚೇರಿಯಂತೆ ಸುಲಭವಾಗಿ ಒಗ್ಗುವುದಿಲ್ಲ. ಮೈಸೂರಿನ ಜಯಲಕ್ಷ್ಮೀವಿಲಾಸದ ವೃತ್ತಾಂತವನ್ನು ನೋಡಿರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1905ರಲ್ಲಿ, ಹಿರಿಯ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕುಕ್ಕರಹಳ್ಳಿ ಕೆರೆಯ ಬಳಿಯ ದಿಣ್ಣೆಯ ಮೇಲೆ ಈ ಮಹಲು ಎದ್ದಿತು. ಸುಮಾರು 7 ಲಕ್ಷ ರೂಪಾಯಿ ವೆಚ್ಚವಾಯಿತೆಂದು ಹೇಳುವರು. ಮೂರು ಭಾಗಗಳ ವಿಸ್ತಾರ, ಜೋಡಿಕಂಬಗಳ ಮುಖಮಂಟಪ, ಕೆತ್ತನೆಯ ಬಾಗಿಲುಗಳು, ಗಾಜಿನ ಗುಮ್ಮಟದ ಕಲ್ಯಾಣಮಂಟಪ. ಒಂದು ಕುಟುಂಬದ ವೈಭವಕ್ಕೆಂದು ಮಾಡಿದ ಏರ್ಪಾಡು. ಮೈಸೂರು ವಿಶ್ವವಿದ್ಯಾಲಯವು 1916ರಲ್ಲಿಯೇ ಸ್ಥಾಪಿತವಾಗಿದ್ದರೂ ಸ್ನಾತಕೋತ್ತರ ವ್ಯಾಸಂಗಕ್ಕೆ ಪ್ರತ್ಯೇಕವಾದ ಕ್ಷೇತ್ರವಿರಲಿಲ್ಲ. ಕುವೆಂಪುರವರು ಉಪಕುಲಪತಿಗಳಾಗಿದ್ದಾಗ ಈ ಮಹಲೂ ಸುತ್ತಣ ಭೂಮಿಯೂ ವಿಶ್ವವಿದ್ಯಾಲಯಕ್ಕೆ ದೊರೆತುವು. ಆ ಕ್ಷೇತ್ರಕ್ಕೆ ಅವರು ಮಾನಸಗಂಗೋತ್ರಿಯೆಂದು ನಾಮಕರಣ ಮಾಡಿದರು.

ಅರಮನೆಯಲ್ಲಿ ಏನನ್ನು ಇಡಬೇಕು? ರಸಾಯನಶಾಸ್ತ್ರದವರಿಗೆ ಕೊಟ್ಟರೆ ಆಮ್ಲದ ಹೊಗೆಯು ಗಾರೆಯ ಬಳ್ಳಿಹೂಗಳನ್ನು ತಿಂದುಹಾಕುತ್ತದೆ. ಮೇಲಂತಸ್ತಿನಲ್ಲಿ ಪುಸ್ತಕಭಂಡಾರವಿಟ್ಟರೆ ಮರದ ತೊಲೆಗಳು ಬಾಗುತ್ತವೆ. ಪುಸ್ತಕದ ಭಾರವನ್ನು ಹೊತ್ತು ಸಾಗಿಸಿದವರಿಗೇ ಅದರ ತೂಕ ಗೊತ್ತು. ಕೊನೆಗೆ ಅಲ್ಲಿ ನೆಲೆಸಿದುದು ಜಾನಪದ ವಸ್ತುಸಂಗ್ರಹಾಲಯ. ಪಿ. ಆರ್. ತಿಪ್ಪೇಸ್ವಾಮಿ, ಜೀ. ಶಂ. ಪರಮಶಿವಯ್ಯ, ಹಾ. ಮಾ. ನಾಯಕ ಮೊದಲಾದವರು ಹಳ್ಳಿಹಳ್ಳಿಗಳಿಂದ ತಂದ ತೊಗಲುಗೊಂಬೆ, ಯಕ್ಷಗಾನದ ಕಿರೀಟ, ಸೋಮನ ಮುಖವಾಡ, ಕೊಳಗ, ಒನಕೆ, ಗೀಜಗನ ಗೂಡಿನಂಥ ಬುಟ್ಟಿಗಳು ರಾಜಕುಮಾರಿಯ ಅಂತಃಪುರದಲ್ಲಿ ಸಾಲಾಗಿ ಕುಳಿತುವು. ಬಡವನ ಗುಡಿಸಲಿನ ಸಾಮಾನಿಗೆ ಅರಮನೆಯ ಕೋಣೆ! ಸ್ಥಳಕ್ಕೂ ವಸ್ತುವಿಗೂ ಹೊಂದಿಕೆ ಎಲ್ಲಿಯದೆಂದು ಕೆಲವರು ಮೂಗುಮುರಿದರು. ನಾನಾದರೋ ಇದನ್ನು ಬಹು ಒಳ್ಳೆಯ ಜೋಡಿಯೆಂದೇ ತಿಳಿದಿದ್ದೇನೆ. ಇಂಥ ವಸ್ತುಗಳು ಗೋಡೆಗೆ ಭಾರವಲ್ಲ, ಗೋಡೆಯನ್ನು ಕೊರೆಯುವಂತೆಯೂ ಬೇಡುವುದಿಲ್ಲ. ಸಣ್ಣಸಣ್ಣ ಕೋಣೆಗಳು ಒಂದೊಂದು ಬಗೆಯ ವಸ್ತುವಿಗೆ ತಾವಾಗಿಯೇ ಒದಗುತ್ತವೆ.

ಆದರೂ ಆ ಮಹಲಿಗೆ ಕಷ್ಟ ತಪ್ಪಲಿಲ್ಲ. ಸೂರಿನಿಂದ ನೀರಿಳಿದು ಮರ ಕೊಳೆಯಿತು. 2000ನೆಯ ಇಸವಿಯ ನಂತರ ಇನ್ಫೋಸಿಸ್ ಪ್ರತಿಷ್ಠಾನದ 1 ಕೋಟಿ 17 ಲಕ್ಷ ರೂಪಾಯಿಗಳ ನೆರವಿನಿಂದ ಜೀರ್ಣೋದ್ಧಾರ ನಡೆದು, ಜನರು ಹೋಗಿ ಕಣ್ಣುತುಂಬ ನೋಡಿಬಂದರು. ಕೆಲವೇ ವರ್ಷಗಳಲ್ಲಿ ಮಳೆ ಮತ್ತೆ ಒಳಹೊಕ್ಕು, ಮತ್ತೊಂದು ಜೀರ್ಣೋದ್ಧಾರಕ್ಕೆ ಹಣ ಹುಡುಕಬೇಕಾಯಿತು. ಉದ್ಧಾರಕ್ಕೆ ದಾನಿಗಳು ಸಿಗುವರು, ಉದ್ಘಾಟನೆಗೆ ಹಾರಗಳು ಸಿಗುವವು. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಏಣಿಹತ್ತಿ ದೋಣಿಯ ಕಸ ತೆಗೆಯುವವನಿಗೆ ಕೂಲಿ ಸಿಗುವುದು ಕಷ್ಟ. ನಮ್ಮ ಮನೆಗಳಲ್ಲಿ ಈ ಕೆಲಸವನ್ನು ಹೆಂಗಸರು ಜ್ಞಾಪಿಸದಿದ್ದರೆ ಎಷ್ಟು ಮಾಳಿಗೆಗಳು ಉಳಿದಾವು?

ಇನ್ನು ನಮ್ಮ ಭಾಗಕ್ಕೆ ಸಂಬಂಧಪಟ್ಟ ಒಂದು ಮಾತು. ಸುರಪುರದಲ್ಲಿ 1841ರಿಂದ ಹಲವು ವರ್ಷ ಅಧಿಕಾರ ನಡೆಸಿದ ಮೆಡೋಸ್ ಟೇಲರನ ಹೆಸರು ಬೋನಾಳದ ಮಕ್ಕಳಿಗೂ ಗೊತ್ತು. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಬಂಗಲೆ ಟೇಲರ್ ಮಂಜಿಲೆಂಬ ಹೆಸರಿನಿಂದ ಸರಕಾರದ ಅತಿಥಿಗೃಹವಾಯಿತು. ಅವನಿಗೆ ಹುಕುಂ ಬರುತ್ತಿದ್ದುದು ಹೈದರಾಬಾದಿನ ರೆಸಿಡೆನ್ಸಿಯಿಂದ. 19ನೆಯ ಶತಮಾನದ ಆರಂಭದಲ್ಲಿ ಕರ್ಕ್‌ಪ್ಯಾಟ್ರಿಕ್ ಎಂಬ ರೆಸಿಡೆಂಟನು ಕಟ್ಟಿಸಿದ ಆ ಸೌಧವು 1949ರಲ್ಲಿ ಹೆಣ್ಣುಮಕ್ಕಳ ಕಾಲೇಜಾಯಿತು. ದೊರೆಗಳು ಕೈಕಟ್ಟಿ ಕಾಯುತ್ತಿದ್ದ ದರಬಾರಿನ ಮೆಟ್ಟಿಲುಗಳ ಮೇಲೆ ಹುಡುಗಿಯರು ಪುಸ್ತಕ ಹಿಡಿದು ಓಡಾಡಿದರು. ಅದೂ ಕಾಲಕ್ರಮದಲ್ಲಿ ಶಿಥಿಲವಾಗಿ, ತರಗತಿಗಳನ್ನು ಹೊರಕ್ಕೆ ಸಾಗಿಸಬೇಕಾಗಿ ಬಂದು, ವಿಶ್ವ ಸ್ಮಾರಕ ನಿಧಿಯೆಂಬ ಸಂಸ್ಥೆಯ ಸಹಾಯದಿಂದ ಬಹುಕಾಲ ದುರಸ್ತಿ ನಡೆಯಿತು. ಕಾಲೇಜು 2022ರಲ್ಲಿ ಮಹಿಳಾ ವಿಶ್ವವಿದ್ಯಾಲಯವೇ ಆಯಿತು.

ಇವೆಲ್ಲ ಪರಂಗಿಯವರಿಂದ ಕಲಿತ ಪದ್ಧತಿಯೆಂದು ಯಾರೂ ತಿಳಿಯಬಾರದು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ. ಶ. 945ರಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ 27 ಮನೆಗಳಿದ್ದುವು. ದೀಪದ ಎಣ್ಣೆಗೆಂದು ಸಹ ಭೂಮಿ ಬಿಟ್ಟಿದ್ದರೆಂದರೆ ಅವರ ದೂರದೃಷ್ಟಿಯನ್ನು ಊಹಿಸಿರಿ. ಆ ಶಾಲೆಯು ಮುಂದೆ ಬಿದ್ದುಹೋದಾಗ ಸ್ಥಳೀಯ ಮಾಂಡಲಿಕನೊಬ್ಬನು ಅದನ್ನು ಪುನಃ ಕಟ್ಟಿಸಿದನು. ಆ ಸಂಗತಿಯೂ ಕಲ್ಲಿನ ಮೇಲಿದೆ. ಚಿತ್ತಾಪುರದ ಸಮೀಪದ ನಾಗಾವಿಯ ಘಟಿಕಾಸ್ಥಾನದಲ್ಲಿ, 1058ರ ಶಾಸನದ ಪ್ರಕಾರ, 200 ಮಂದಿ ವೇದವನ್ನೂ 52 ಮಂದಿ ಶಾಸ್ತ್ರವನ್ನೂ ಓದುತ್ತಿದ್ದರು. ಸರಸ್ವತೀ ಭಂಡಾರಿಗಳು, ಎಂದರೆ ಪುಸ್ತಕಪಾಲಕರು, ಆರು ಮಂದಿ. ಇಂದು ಅಲ್ಲಿ ಅರವತ್ತು ಕಂಬದ ಗುಡಿಯಲ್ಲಿ ನಿಂತರೆ ಗಾಳಿಯ ಸದ್ದು ಕೇಳಿಸುತ್ತದೆ. ಉಪಯೋಗ ತಪ್ಪಿದ ಕಟ್ಟಡವು ಎಷ್ಟು ಗಟ್ಟಿಯಾಗಿದ್ದರೂ ಮೂಕವೇ ಸರಿ.

ಮಯಮತವೆಂಬ ಶಿಲ್ಪಗ್ರಂಥದಲ್ಲಿ ಅನುಕರ್ಮವಿಧಾನವೆಂಬ ಅಧ್ಯಾಯವೇ ಇದೆ. ಜೀರ್ಣವಾದುದನ್ನು ಅದೇ ದ್ರವ್ಯದಿಂದ, ಇಲ್ಲವೆ ಅದಕ್ಕಿಂತ ಉತ್ತಮವಾದ ದ್ರವ್ಯದಿಂದ ಸರಿಪಡಿಸಬೇಕೆಂದು ಅದರ ತಾತ್ಪರ್ಯ. ಯಾವುದು ಉತ್ತಮವೆಂಬುದರಲ್ಲಿಯೇ ನಮ್ಮವರು ಎಡವಿದ್ದಾರೆ. ಸಿಮೆಂಟು ಗಟ್ಟಿ, ಆದುದರಿಂದ ಉತ್ತಮವೆಂಬುದು ಅವರ ತರ್ಕ. ಆದರೆ ಮಣ್ಣು ಮತ್ತು ಸುಣ್ಣದ ಗೋಡೆಯು ನೆಲದ ತೇವವನ್ನು ಹೀರಿ, ಗಾರೆಯ ಮೂಲಕ ಮೆಲ್ಲಗೆ ಹೊರಗೆ ಬಿಡುತ್ತಿರುತ್ತದೆ. ಅದು ಗೋಡೆಯ ಉಸಿರು. ಸುಣ್ಣವನ್ನು ವಾರಗಟ್ಟಲೆ ಕೊಳೆಹಾಕಿ, ಮರಳು ಸೇರಿಸಿ, ಬೆಲ್ಲದ ನೀರೂ ಅಳಲೆಕಾಯಿಯ ಕಷಾಯವೂ ಬೆರಸಿ ಅರೆದ ಗಾರೆಯು ಸ್ವಲ್ಪ ಮೃದುವಾಗಿಯೇ ಇರುತ್ತದೆ. ಗೋಡೆ ಅಲುಗಿದರೆ ತಾನೂ ಅಲುಗಿ ಹೊಂದಿಕೊಳ್ಳುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ಉಸಿರು ಕಟ್ಟಿತು. ನೀರು ಒಳಗೇ ನಿಂತು, ಅದರೊಡನೆ ಬಂದ ಉಪ್ಪು ಹರಳುಗಟ್ಟಿ ಗೋಡೆಯನ್ನು ಒಳಗಿನಿಂದ ಪುಡಿಮಾಡುತ್ತದೆ. ಹೊರಗೆ ನೋಡುವವರಿಗೆ ಎಲ್ಲವೂ ನುಣುಪು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಾನು 22 ವರ್ಷ ಪಾಠ ಹೇಳಿದ ಹಳ್ಳಿಯ ಶಾಲೆಯದು ಮಣ್ಣಿನ ಮಾಳಿಗೆ, ಕಲ್ಲಿನ ಗೋಡೆ, ಶಹಾಬಾದು ಕಲ್ಲಿನ ನೆಲ. ಊರಿನ ಹೆಸರು ಬೇಡ. ಬೇಸಿಗೆಯ ಮಧ್ಯಾಹ್ನದಲ್ಲಿಯೂ ಒಳಗೆ ಹುಡುಗರು ತೂಕಡಿಸುವಷ್ಟು ತಂಪು. ಅದೊಂದೇ ಅದರ ದೋಷ. ಒಮ್ಮೆ ದುರಸ್ತಿಗೆಂದು ಹಣ ಬಂದಿತು. ಬಂದವರು ಉತ್ತರದ ಗೋಡೆಗೆ ಒಳಗೂ ಹೊರಗೂ ಸಿಮೆಂಟು ಬಳಿದು ಬಣ್ಣ ಹಚ್ಚಿ ಹೋದರು. ನಾನೂ ಹರ್ಷಪಟ್ಟು ಆ ಗೋಡೆಯ ಮೇಲೆ ನನ್ನ ಕೈಯಾರೆ ಸುಭಾಷಿತಗಳನ್ನು ಬರೆದೆನು. ನಾಲ್ಕನೆಯ ಮಳೆಗಾಲಕ್ಕೆ ಗಿಲಾವು ಹಾಳೆಹಾಳೆಯಾಗಿ ಬಿದ್ದಿತು. ಹಿಂದಿನ ಮಣ್ಣು ಬೆರಳಿಗೆ ಹಿಟ್ಟಿನಂತೆ ಹತ್ತುತ್ತಿತ್ತು. ಆ ಬಳಿಕ ಹೊಸ ಕಟ್ಟಡವಾಗಿ ಶಾಲೆ ಅಲ್ಲಿಗೆ ಹೋಯಿತು. ಹಳೆಯದಕ್ಕೆ ಬೀಗ.

ಕಳೆದ ಚಳಿಗಾಲದಲ್ಲಿ ಆ ಕಟ್ಟಡವನ್ನು ಕೆಡವಿ ಕಲ್ಲುಗಳನ್ನು ಮಾರಬೇಕೆಂಬ ಮಾತು ಹುಟ್ಟಿತು. ನನಗೆ ಹೇಳಿಕಳುಹಿಸಿದವನು ಹಿಂದೆ ಅದೇ ಶಾಲೆಯಲ್ಲಿ ನನ್ನಿಂದ ಪೆಟ್ಟು ತಿಂದ ಶಿಷ್ಯ. ಈಗ ಗೌಂಡಿಯ ಕೆಲಸದಲ್ಲಿ ನುರಿತವನು. ಬೋನಾಳದಿಂದ ಹೊರಟು ನಾನು ಅಲ್ಲಿಗೆ ತಲುಪುವಾಗ ಬೇವಿನ ಮರದ ಕೆಳಗೆ ಜನ ಕೂಡಿದ್ದರು. ನನ್ನ ವಾದ ಸರಳವಾಗಿತ್ತು. ನಮ್ಮ ಬೋನಾಳದ ಕೆರೆಯನ್ನು ಸುರಪುರದ ನಾಯಕರ ಕಾಲದಲ್ಲಿ ಗದ್ದೆಗೆ ನೀರುಣಿಸಲೆಂದು ಕಟ್ಟಿದರು. ಇಂದು ಅದು ಪಕ್ಷಿಧಾಮವೂ ಆಗಿದೆ. ಹಕ್ಕಿಗಳಿಗಾಗಿ ಯಾರೂ ಕೆರೆಯನ್ನು ಒಡೆದು ಬೇರೆ ಕಟ್ಟಲಿಲ್ಲ. ಏರಿಯನ್ನು ಕಾಪಾಡಿಕೊಂಡುದರಿಂದಲೇ ಎರಡೂ ನಡೆದುವು. ಈ ಊರಿನಲ್ಲಿ ಸಂಜೆ ಓದಲು ಮಕ್ಕಳಿಗೆ ಸ್ಥಳವಿಲ್ಲ, ಹೆಂಗಸರು ಕೂಡಿ ಹೊಲಿಗೆ ಕಲಿಯಲು ಸ್ಥಳವಿಲ್ಲ. ಸ್ಥಳವಿದ್ದೂ ಬೀಗ ಹಾಕಿದ್ದೇವೆ. “ಮೇಷ್ಟ್ರೇ, ಗೋಡೆ ಬಿದ್ದು ಮಗುವಿನ ಮೇಲೆ ಉರುಳಿದರೆ ನೀವು ಹೊಣೆಯೇ?” ಎಂದು ಹಿರಿಯರೊಬ್ಬರು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ನನ್ನಲ್ಲಿ ಉತ್ತರವಿರಲಿಲ್ಲ, ಆ ಶಿಷ್ಯನು ಎದ್ದು, ಮೂರು ಗೋಡೆಗಳು ಗಟ್ಟಿಯಾಗಿವೆ, ಉತ್ತರದ್ದನ್ನು ಬುಡದವರೆಗೆ ಬಿಚ್ಚಿ ಅದೇ ಕಲ್ಲಿನಿಂದ ಸುಣ್ಣದಲ್ಲಿ ಕಟ್ಟಬೇಕು, ಐದು ತೊಲೆಗಳಲ್ಲಿ ಎರಡನ್ನು ಗೆದ್ದಲು ತಿಂದಿದೆ, ಅಷ್ಟಾಗುವವರೆಗೆ ಯಾರನ್ನೂ ಒಳಗೆ ಬಿಡಬಾರದು ಎಂದು ಬೆರಳುಮಡಿಚಿ ಲೆಕ್ಕ ಹೇಳಿದನು. ಕೆಡವುವವರಿಗೂ ಉಳಿಸುವವರಿಗೂ ಬಹಳ ಹೊತ್ತು ಚರ್ಚೆಯಾಗಿ, ಒಂದು ಮಳೆಗಾಲದ ಮಟ್ಟಿಗೆ ನೋಡೋಣವೆಂದು ತೀರ್ಮಾನವಾಯಿತು.

ಉತ್ತರದ ಗೋಡೆಯನ್ನು ಬಿಚ್ಚಿ ಆಗಿದೆ. ಕಲ್ಲುಗಳಿಗೆ ಖಡುವಿನಿಂದ ಅಂಕೆ ಬರೆದು ಅಂಗಳದಲ್ಲಿ ಸಾಲಾಗಿ ಇಟ್ಟಿದ್ದಾರೆ. ಸುಣ್ಣ ಗುಂಡಿಯಲ್ಲಿ ಕೊಳೆಯುತ್ತಿದೆ. ಸುಭಾಷಿತ ಬರೆದಿದ್ದ ಸಿಮೆಂಟಿನ ತುಂಡೊಂದನ್ನು ಶಿಷ್ಯನು ನನಗೆಂದು ಎತ್ತಿಟ್ಟಿದ್ದನು, ಬೇಡವೆಂದೆನು. ತೊಲೆಗಳಿಗಾಗಿ ಬರುವ ಸೋಮವಾರ ನಾವಿಬ್ಬರೂ ಶಹಾಪುರಕ್ಕೆ ಹೋಗಬೇಕಾಗಿದೆ.