ಬಾನಿಯ ಒಂದು ವಾರ

ಹಿರಿಯೂರು, ಚಳ್ಳಕೆರೆ ಕಡೆಯ ಬಯಲಲ್ಲಿ ಗೊಬ್ಬರಕ್ಕೆಂದು ರೈತರು ರಾತ್ರಿ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ. ಒಂದೆರಡು ರಾತ್ರಿ ಕಳೆದರೆ ಹಿಂಡು ಮುಂದಿನ ಹೊಲಕ್ಕೆ. ಬಲೆ, ಗೂಟ, ಪಾತ್ರೆ ಪಡಗದ ಜೊತೆ ನೀರಿನ ಬಾನಿಯೂ ಹೊರಡುತ್ತದೆ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ಇಂಥ ಎರಡು ಬಾನಿ. ತುಂಬಿದರೆ ಒಂದೊಂದೂ ಸುಮಾರು 100 ಕೆ.ಜಿ. ತೂಗುತ್ತದೆ. ಹಾಗಾಗಿ ಹೊರಡುವ ಮುಂಚೆ ಬೋರಲು ಹಾಕಲೇಬೇಕು. ತಿರುಗುವ ಹಿಂಡಿನ ಬಾನಿ ಚೊಕ್ಕಟವಾಗಿರುವುದು ಇದರಿಂದಲೇ.

ಅದೇ ಬಾನಿ ತೋಟದ ಮನೆಯ ಮುಂದೆ ಎಮ್ಮೆ, ಆಡುಗಳಿಗೆಂದು ಕೂತಲ್ಲೇ ಕೂತರೆ ಏನಾಗುತ್ತದೆ ಎಂಬುದನ್ನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಬೇಕು.

ಹೊಸ ನೀರು ತುಂಬಿದ ದಿನ, ಬಿಸಿಲೇರುತ್ತಿದ್ದಂತೆ ತುಡುವೆ ಜೇನು ಬರುತ್ತವೆ. ಬೇಸಿಗೆಯಲ್ಲಿ ಗೂಡನ್ನು ತಂಪಾಗಿಡಲೂ ಅವಕ್ಕೆ ನೀರು ಬೇಕು. ಅವು ಇಳಿಯುವುದು ನಡುನೀರಿಗಲ್ಲ, ಅಂಚಿನ ತೇವಕ್ಕೆ. ಹಳೆಯ ಕಲ್ಬಾನಿಯ ಒರಟು ಮೈಯಲ್ಲಿ ಕಾಲೂರಲು ಜಾಗವಿರುತ್ತಿತ್ತು. ಪ್ಲಾಸ್ಟಿಕ್ಕಿನ ನುಣುಪಿನಲ್ಲಿ ಹಿಡಿತ ತಪ್ಪಿ ನೀರಿಗೆ ಬೀಳುತ್ತವೆ, ಬಿದ್ದವು ಮೇಲೇರಲಾರವು. ಬಾನಿಯ ಒಂದು ತುದಿಯಲ್ಲಿ ನೀರಿನಿಂದ ತಲೆ ಎತ್ತಿದ ಒರಟು ಕಲ್ಲೊಂದಿದ್ದರೆ ಸಾಕು, ಜೇನೂ ಉಳಿಯುತ್ತದೆ, ಬಿದ್ದ ಓತಿಕ್ಯಾತವೂ ಹತ್ತಿ ಹೋಗುತ್ತದೆ.

ಎರಡು ಮೂರು ದಿನಕ್ಕೆ ಒಳಗೋಡೆಯ ಮೇಲೆ ಬೆರಳಾಡಿಸಿದರೆ ಲೋಳೆ. ಎಮ್ಮೆಯ ಬಾಯಿಂದ ಬಿದ್ದ ಜೊಲ್ಲು, ರಾಗಿಹುಲ್ಲಿನ ಚೂರು ತಳ ಸೇರಿರುತ್ತವೆ. ಆಡು ಈಗ ಮೂಸಿ ನೋಡಿ ಮುಖ ತಿರುಗಿಸತೊಡಗುತ್ತದೆ. ನೀರಿನ ಮೇಲೆ ತೇಲುವ ಮಸಿಯ ಚೂರಿನಂಥದ್ದನ್ನು ಕಡ್ಡಿಯಿಂದ ಹತ್ತಿರಕ್ಕೆಳೆದು ನೋಡಿ, ಅದು ಕ್ಯೂಲೆಕ್ಸ್ ಸೊಳ್ಳೆಯ ತೆಪ್ಪ. ನೂರಕ್ಕೂ ಮಿಕ್ಕಿದ ಮೊಟ್ಟೆಗಳು ಒಂದಕ್ಕೊಂದು ಅಂಟಿ ನೆಟ್ಟಗೆ ನಿಂತಿರುತ್ತವೆ.

ಐದನೇ ದಿನದ ಹೊತ್ತಿಗೆ ಮರಿಹುಳುಗಳು ತಲೆ ಕೆಳಗಾಗಿ, ಬಾಲದ ತುದಿಯ ಉಸಿರುನಳಿಕೆಯನ್ನು ನೀರಿನ ಮೇಲ್ಮೈಗೆ ತಾಗಿಸಿಕೊಂಡು ತೂಗುತ್ತಿರುತ್ತವೆ. ಕೈಯ ನೆರಳು ಬಿದ್ದೊಡನೆ ಎಲ್ಲವೂ ಒಟ್ಟಿಗೆ ನುಲಿದು ತಳಕ್ಕಿಳಿಯುತ್ತವೆ. ಅಲುಗಾಡದೆ ಕಾದರೆ ಒಂದೊಂದಾಗಿ ಮೇಲೆ ಬರುತ್ತವೆ, ಉಸಿರಿಗೆ ಬರಲೇಬೇಕು. ಬಾನಿ ಹಾಗೇ ಮುಂದುವರಿದರೆ ಕೆಸರಿನಲ್ಲಿ ರಕ್ತಗೆಂಪಿನ ಸಣ್ಣ ಹುಳುಗಳು ಮಣ್ಣಿನ ಕೊಳವೆ ಕಟ್ಟಿಕೊಳ್ಳುತ್ತವೆ. ಆ ಕೆಂಪು ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ನಿನದೇ. ಆಮ್ಲಜನಕ ಕಡಿಮೆಯಿದ್ದಲ್ಲೂ ಅವು ಬದುಕಬಲ್ಲವು. ಅವು ಕಚ್ಚುವುದಿಲ್ಲ, ಆದರೆ ಬಾನಿ ತೊಳೆಯುವ ಹೊತ್ತು ಮೀರಿದೆ ಎಂಬುದಕ್ಕೆ ಅವೇ ಸಾಕ್ಷಿ. ಹಸಿರು ಬಣ್ಣ ಕದಡಿದಂಥ ಕೆನೆ ಕಟ್ಟಿದರಂತೂ ಆ ನೀರನ್ನು ದನಕರುಗಳಿಗೆ ಕೊಡಲೇಬಾರದು. ನೀಲಿಹಸಿರು ಪಾಚಿಯಲ್ಲಿ ಕೆಲವು ವಿಷಕಾರಿ.

ಸೆಕೆಗಾಲದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ಬಾನಿಯನ್ನು ವಾರಕ್ಕೊಮ್ಮೆ ಬೋರಲು ಹಾಕಬೇಕು. ನೀರು ಚೆಲ್ಲಿದರಷ್ಟೇ ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಗೆರೆಗಿಂತ ತುಸು ಮೇಲೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಅವು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ತೆಂಗಿನ ನಾರಿನಿಂದ ಅಂಚಿನವರೆಗೂ ಉಜ್ಜಿ, ತೊಳೆದು, ಬಿಸಿಲಲ್ಲಿ ಒಣಗಿಸಬೇಕು. ಕಲ್ಲು, ಸಿಮೆಂಟಿನ ತೊಟ್ಟಿಯಾದರೆ ಒಳಮೈಗೆ ಸುಣ್ಣ ಬಳಿಯುವ ರೂಢಿ ಒಳ್ಳೆಯದು. ಕಾಲುಬಾಯಿ ಜ್ವರದ ವೈರಸ್ಸು ಜೊಲ್ಲಿನಲ್ಲಿರುತ್ತದೆ. ಸುತ್ತಮುತ್ತ ಆ ರೋಗವಿದ್ದಾಗ ಬೇರೆ ಹಿಂಡು ಕುಡಿದು ಹೋದ ಬಾನಿಯನ್ನು ಶೇ 4ರ ವಾಷಿಂಗ್ ಸೋಡ ದ್ರಾವಣದಲ್ಲಿ ತೊಳೆದು, ಮತ್ತೆ ಶುದ್ಧ ನೀರಿನಿಂದ ಜಾಲಿಸಿಯೇ ತುಂಬಬೇಕು.

ಪ್ಲಾಸ್ಟಿಕ್ಕಿಗೆ ಬಿಸಿಲೇ ವೈರಿ. ಬಣ್ಣ ಬಿಳಿಚಿದ ಬಾನಿಯ ಸೀಳಿದ ಅಂಚನ್ನು ಬೆರಳಿಂದ ತಡವಿ ನೋಡಿ, ಕೂದಲೆಳೆಯ ಬಿರುಕುಗಳು ಹುಟ್ಟುವುದು ಅಲ್ಲೇ. ಹಳೆಯ ನೀರಿನ ಪೈಪನ್ನು ಸೀಳಿ ಅಂಚಿಗೆ ತೊಡಿಸಿದರೆ ಮೂತಿಗೆ ಗಾಯವಾಗದು. ಕೀಟನಾಶಕ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ಬಳಸಬಾರದು. ಹೊಂಗೆಯ ನೇರ ಬುಡದಲ್ಲಿಟ್ಟರೆ ಎಲೆ, ಹಿಕ್ಕೆ ಬೀಳುತ್ತವೆ. ಮರದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿಟ್ಟರೆ ಮಧ್ಯಾಹ್ನದ ಮೇಲೆ ನೆರಳು ತಾನೇ ಬರುತ್ತದೆ.

ಬಾನಿ ಒಂದೇ ಕಡೆ ಇದ್ದರೆ ನೆಲವೂ ಬದಲಾಗುತ್ತದೆ. ಚೆಲ್ಲಿದ ನೀರು, ಗಂಜಲ, ಗೊರಸಿನ ತುಳಿತ ಸೇರಿ ಕೆಸರು. ಅದರಲ್ಲೇ ನಿಂತ ಕುರಿಯ ಗೊರಸು ಮೆತ್ತಗಾಗಿ ಕೊಳೆಯತೊಡಗುತ್ತದೆ. ಕೆಸರಿನ ಅಂಚಿನಲ್ಲಿ ಜೇಕು, ಹೊನಗೊನ್ನೆ ಬೇರೂರುತ್ತವೆ. ಬಾನಿಯನ್ನು ಕೆಲವೇ ಮಾರು ದೂರ ಸರಿಸಿದರೂ ಕೆಸರು ಒಣಗುತ್ತದೆ, ಗೊಬ್ಬರ ಹಂಚಿಹೋಗುತ್ತದೆ, ತುಳಿತ ತಪ್ಪಿದ ನೆಲಕ್ಕೆ ಗರಿಕೆ ಮರಳುತ್ತದೆ. ಬೋರಲಿಟ್ಟ ಬಾನಿಯನ್ನು ಎತ್ತುವಾಗ ಮಾತ್ರ ಆಚೆ ಅಂಚನ್ನು ಮೊದಲು ಎತ್ತಿ. ಆ ತಂಪಿನಲ್ಲಿ ಕಪ್ಪೆಯೂ ಇರಬಹುದು, ಚೇಳೂ ಇರಬಹುದು. ಬಾನಿ ನಿಮಗೂ ಅದಕ್ಕೂ ನಡುವೆ ಇರಲಿ.

ಬರದ ಸೀಮೆಯಲ್ಲಿ ವಾರಕ್ಕೊಮ್ಮೆ ನೀರು ಚೆಲ್ಲಲು ಯಾರಿಗೂ ಮನಸ್ಸು ಬಾರದು. ಚೆಲ್ಲಬೇಕಾಗಿಯೂ ಇಲ್ಲ. ಬೇಸಿಗೆಯಲ್ಲಿ ಕುರಿಯೊಂದಕ್ಕೆ ದಿನಕ್ಕೆ 4–6 ಲೀಟರ್ ಬೇಕು, ಎಮ್ಮೆಗೆ 50 ಲೀಟರಿಗೂ ಹೆಚ್ಚು. ಲೆಕ್ಕ ಹಿಡಿದು ತುಂಬಿಸಿದರೆ ತೊಳೆಯುವ ಹಿಂದಿನ ಸಂಜೆಗೆ ಬಾನಿ ಹೆಚ್ಚುಕಡಿಮೆ ಬರಿದಾಗಿರುತ್ತದೆ. ಉಳಿದ ಕದಡು ನೀರನ್ನು ಒಂದು ನುಗ್ಗೆಗೋ ತೆಂಗಿನ ಸಸಿಗೋ ಸುರಿಯಿರಿ. ಲೋಳೆ, ಜೊಲ್ಲು, ಹುಲ್ಲಿನ ಕೊಳೆತವೆಲ್ಲ ಅದರ ಬುಡಕ್ಕೆ ಗೊಬ್ಬರ. ನೀರಿನ ಹುಳುಗಳಿಗೆ ಒಣನೆಲದಲ್ಲಿ ಉಳಿವಿಲ್ಲ.