‘ಸೆಲ್ಫ್ ಆಕ್ಸಿಡೆಂಟ್’ ಅನ್ನುವ ಅರ್ಧಸತ್ಯ: ಟೈರಿಗೂ ರಸ್ತೆಗೂ ನಡುವೆ ಒಂದು ಹಿಡಿ ಮರಳು

ಕಳೆದ ಬೇಸಿಗೆಯಲ್ಲಿ ಬಸವೇಶ್ವರನಗರದ ಒಂದು ಕ್ರಾಸ್‌ನಲ್ಲಿ ನಾನು ಸ್ಕೂಟರಿನಿಂದ ಬಿದ್ದೆ. ಸ್ಪೀಡು 25ರ ಆಸುಪಾಸು ಇದ್ದಿರಬೇಕು. ಎದುರಿಗೆ ಗಾಡಿ ಇರಲಿಲ್ಲ, ನಾಯಿ ಅಡ್ಡ ಬರಲಿಲ್ಲ, ಫೋನು ಜೇಬಿನಲ್ಲೇ ಇತ್ತು. ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಸದ್ದಿಲ್ಲದೆ ಪಕ್ಕಕ್ಕೆ ಜಾರಿತು, ಅಷ್ಟೇ. ಎದ್ದು ನೋಡಿದರೆ ಅಂಗೈಗೆಲ್ಲ ಎಂ-ಸ್ಯಾಂಡ್ ಮೆತ್ತಿಕೊಂಡಿತ್ತು. ಪಕ್ಕದಲ್ಲಿ ಮನೆ ಕಟ್ಟಿ ಮುಗಿಸಿದವರು ದೊಡ್ಡ ರಾಶಿಯನ್ನು ತೆಗೆಸಿದ್ದರು, ತೆಳ್ಳಗೆ ಹರಡಿದ್ದನ್ನು ಹಾಗೇ ಬಿಟ್ಟಿದ್ದರು.

ಎತ್ತಿ ಕೂರಿಸಿ ನೀರು ಕೊಟ್ಟ ಅಜ್ಜಿ ಕೇಳಿದ್ದು, “ಅಷ್ಟು ಸ್ಪೀಡಾಗಿ ಯಾಕಪ್ಪಾ ಬರ್ತೀರಾ?” ಮಣಿಕಟ್ಟಿನ ಎಕ್ಸ್‌ರೇ ತೆಗೆಸಲು ಹೋದಲ್ಲಿ ಚೀಟಿ ಬರೆಯುತ್ತಿದ್ದ ಹುಡುಗ ತಲೆಯೆತ್ತದೆ ಕೇಳಿದ್ದು, “ಸೆಲ್ಫ್ ಆಕ್ಸಿಡೆಂಟ್ ಅಲ್ವಾ ಸಾರ್?” ನಾನೂ ಹೂಂ ಅಂದೆ. ಇನ್ಯಾರೂ ಗುದ್ದಿರಲಿಲ್ಲವಲ್ಲ.

ಕೈಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತಾಗ ಆ ಪದ ಕೊರೆಯತೊಡಗಿತು. ಶಾಲೆಯಲ್ಲಿ ಓದಿದ ಘರ್ಷಣೆಯ ಪಾಠವನ್ನು ಸರಿಯಾಗಿ ನೆನಪಿಸಿಕೊಂಡರೆ ‘ಸೆಲ್ಫ್ ಆಕ್ಸಿಡೆಂಟ್’ ಅನ್ನುವುದು ಅರ್ಧಸತ್ಯ ಅಂತ ಗೊತ್ತಾಗುತ್ತದೆ. ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ, ಒಂದೇ ಮೇಲ್ಮೈಯಿಂದ ಘರ್ಷಣೆಯೂ ಹುಟ್ಟುವುದಿಲ್ಲ.

ಹಿಡಿತ ಟೈರಿನದ್ದಲ್ಲ, ಜೋಡಿಯದ್ದು

‘ಈ ಟೈರು ಒಳ್ಳೆ ಗ್ರಿಪ್ ಕೊಡುತ್ತೆ’ ಅಂತ ನಾವು ಹೇಳುತ್ತೇವೆ. ಭೌತಶಾಸ್ತ್ರ ಹಾಗೆ ಹೇಳುವುದಿಲ್ಲ. ಒಂದು ವಸ್ತು ಇನ್ನೊಂದರ ಮೇಲೆ ಜಾರುವುದನ್ನು ತಡೆಯುವ ಗರಿಷ್ಠ ಬಲಕ್ಕೂ, ಅವೆರಡೂ ಒಂದನ್ನೊಂದು ಒತ್ತುವ ಬಲಕ್ಕೂ ಇರುವ ಅನುಪಾತವನ್ನು ಘರ್ಷಣಾ ಗುಣಾಂಕ ಅನ್ನುತ್ತಾರೆ. ಈ ಸಂಖ್ಯೆ ರಬ್ಬರಿಗೆ ಸೇರಿದ್ದಲ್ಲ, ಡಾಂಬರಿಗೆ ಸೇರಿದ್ದೂ ಅಲ್ಲ. ಅದು ಇವೆರಡರ ಜೋಡಿಗೆ ಸೇರಿದ್ದು. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿಗೆ ಇದು ಸುಮಾರು 0.7 ಇರುತ್ತದೆ. ರಸ್ತೆ ಒದ್ದೆಯಾದರೆ 0.4ರ ಹತ್ತಿರಕ್ಕೆ ಇಳಿಯುತ್ತದೆ. ಟೈರು ಅದೇ, ಸವಾರನೂ ಅವನೇ, ಬದಲಾದದ್ದು ರಸ್ತೆ ಮಾತ್ರ.

ಮರಳು ಬಂದಾಗ ಏನಾಗುತ್ತದೆ? ಕೇರಂ ಆಡಿದವರಿಗೆ ಗೊತ್ತು. ಬೋರ್ಡಿನ ಮೇಲೆ ಪೌಡರ್ ಉದುರಿಸಿದ ತಕ್ಷಣ ಸ್ಟ್ರೈಕರ್ ಸುಂಯ್ ಅಂತ ಓಡುತ್ತದೆ. ಸ್ಟ್ರೈಕರಿಗೂ ಮರಕ್ಕೂ ನೇರ ಸಂಪರ್ಕ ತಪ್ಪಿ, ನಡುವೆ ಸಣ್ಣ ಸಣ್ಣ ಕಣಗಳು ಉರುಳತೊಡಗುತ್ತವೆ. ಗಟ್ಟಿ ಡಾಂಬರಿನ ಮೇಲೆ ಹರಡಿದ ಮರಳು ಮಾಡುವುದೂ ಇದನ್ನೇ. ರಬ್ಬರು ಡಾಂಬರನ್ನು ಹಿಡಿಯಲು ಹೋಗಿ ಕೈಗೆ ಸಿಕ್ಕ ಮರಳನ್ನು ಹಿಡಿಯುತ್ತದೆ. ಆ ಮರಳನ್ನು ಹಿಡಿದುಕೊಳ್ಳಲು ಅಲ್ಲಿ ಯಾರೂ ಇಲ್ಲ.

ಅದೇ ಮರಳು ಕೆಂಗೇರಿಯ ಹಳಿಯ ಮೇಲೆ

ತಮಾಷೆ ನೋಡಿ, ನಮ್ಮನ್ನು ಬೀಳಿಸುವ ಮರಳನ್ನು ರೈಲ್ವೆಯವರು ಬೇಕಂತಲೇ ಹಳಿಗೆ ಸುರಿಯುತ್ತಾರೆ. ಕೆಂಗೇರಿ ಸ್ಟೇಷನ್ ದಾಟಿ ಮೈಸೂರಿಗೆ ಹೋಗುವ ರೈಲಿನದ್ದು ಉಕ್ಕಿನ ಚಕ್ರ, ಕೆಳಗಿರುವುದೂ ಉಕ್ಕಿನ ಹಳಿ. ಎರಡೂ ಸೇರುವ ಜಾಗ ಒಂದು ನಾಣ್ಯದಷ್ಟು. ಉಕ್ಕು ಹೆಚ್ಚು ತಗ್ಗುವುದಿಲ್ಲವಾದ್ದರಿಂದ ಉರುಳುವಾಗ ಶಕ್ತಿ ಬಹಳ ಕಡಿಮೆ ಪೋಲಾಗುತ್ತದೆ. ಕಾರಿನ ಟೈರು ಉರುಳಲು ಬೇಕಾದ ಬಲದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚೇನೂ ಬೇಡ. 2021ರ ಆಗಸ್ಟ್‌ನಿಂದ ಕೆಂಗೇರಿವರೆಗೆ ಓಡುತ್ತಿರುವ ನೇರಳೆ ಮಾರ್ಗದ ಮೆಟ್ರೋಗೂ ಇದೇ ಲಾಭ ಸಿಗುತ್ತದೆ.

ಆದರೆ ಸುಲಭವಾಗಿ ಉರುಳುವ ಗಾಡಿ ಸುಲಭವಾಗಿ ನಿಲ್ಲುವುದಿಲ್ಲ. ರಬ್ಬರು ಡಾಂಬರನ್ನು ಹಿಡಿದಷ್ಟು ಬಿಗಿಯಾಗಿ ಉಕ್ಕು ಉಕ್ಕನ್ನು ಹಿಡಿಯುವುದಿಲ್ಲ. ಹಳಿ ಒದ್ದೆಯಾದರೆ ಕಷ್ಟ ಇನ್ನೂ ಜಾಸ್ತಿ. ಅದಕ್ಕೇ ರೈಲು ಎಂಜಿನ್‌ಗಳಲ್ಲಿ ಮರಳಿನ ಪೆಟ್ಟಿಗೆ ಇರುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50 ಮೀಟರಿಗೆ 1 ಮೀಟರ್ ಏರುವ ಹಳಿಯಿದೆ. ಅಂಥ ಕಡೆ ಚಕ್ರ ಗಿರಗಿರ ಸುತ್ತತೊಡಗಿದರೆ ಚಾಲಕರು ಚಕ್ರದ ಮುಂದೆ ಹಳಿಗೆ ಮರಳು ಬಿಡುತ್ತಾರೆ. ಟನ್‌ಗಟ್ಟಲೆ ಭಾರದ ಚಕ್ರ ಆ ಕಣಗಳನ್ನು ಪುಡಿ ಮಾಡಿ ಹಳಿಗೆ ಒತ್ತುತ್ತದೆ. ನೀರಿನ, ಎಣ್ಣೆಯ ಪದರ ಒಡೆದು ಉಕ್ಕಿಗೆ ಉಕ್ಕು ಸಿಗುತ್ತದೆ.

ಮರಳು ಒಂದೇ. ಉಕ್ಕಿನ ಚಕ್ರದ ಕೆಳಗೆ ಅದು ಪುಡಿಯಾಗಿ ಹಿಡಿತ ಕೊಡುತ್ತದೆ, ನಮ್ಮ ಸ್ಕೂಟರಿನ ಕೆಳಗೆ ಉರುಳಿ ಹಿಡಿತ ಕಸಿಯುತ್ತದೆ. ಜೋಡಿ ಬದಲಾದರೆ ಉತ್ತರವೂ ಬದಲು.

ಒಂದೇ ಸಂಬಳ, ಎರಡು ಖರ್ಚು

ನಾನು ಬಿದ್ದದ್ದು ನೇರ ರಸ್ತೆಯಲ್ಲಲ್ಲ, ತಿರುವಿನಲ್ಲಿ. ಅದಕ್ಕೂ ಕಾರಣವಿದೆ. ಗಾಡಿ ತಿರುಗಲು ಅದನ್ನು ಒಳಕ್ಕೆ ಎಳೆಯುವ ಬಲ ಬೇಕು. ಹ್ಯಾಂಡಲ್ ಆ ಬಲವನ್ನು ಕೊಡುವುದಿಲ್ಲ, ಕೊಡುವುದು ಟೈರಿನ ಕೆಳಗಿನ ಘರ್ಷಣೆ. ಬ್ರೇಕ್ ಹಾಕಿದಾಗ ನಿಲ್ಲಿಸುವುದೂ ಅದೇ. ತಿಂಗಳ ಸಂಬಳ ಒಂದೇ, ಬಾಡಿಗೆಗೂ ಅದರಲ್ಲೇ ಕೊಡಬೇಕು, ರೇಷನ್ನಿಗೂ ಅದರಲ್ಲೇ ಕೊಡಬೇಕು. ತಿರುವಿನಲ್ಲಿ ಬಾಗಿರುವಾಗಲೇ ಜೋರಾಗಿ ಬ್ರೇಕ್ ಹಿಡಿದರೆ ಎರಡು ಖರ್ಚೂ ಒಟ್ಟಿಗೆ ಬಂದು ಖಾತೆ ಖಾಲಿಯಾಗುತ್ತದೆ.

ಲೆಕ್ಕ ಹಾಕಿ ನೋಡಿ. 15 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು 0.33ರಷ್ಟು ಗುಣಾಂಕ ಬೇಕು. ಒಣ ಡಾಂಬರು 0.7 ಕೊಡುತ್ತದೆ, ಆರಾಮಾಗಿ ಹೋಗಬಹುದು. ಮರಳಿನ ಮೇಲೆ ಸಿಗುವುದು 0.2 ಅಂತ ಇಟ್ಟುಕೊಂಡರೆ ಬೀಳುವುದು ಖಚಿತ. ಅದೇ ತಿರುವಿನಲ್ಲಿ 18 ಕಿ.ಮೀ.ಗೆ ಇಳಿದಿದ್ದರೆ 0.17 ಸಾಕಾಗುತ್ತಿತ್ತು, ಬೀಳುತ್ತಿರಲಿಲ್ಲ. ಬರೀ 7 ಕಿ.ಮೀ. ಕಡಿಮೆ ಮಾಡಿದರೆ ಬೇಕಾದ ಹಿಡಿತ ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ಈ ಲೆಕ್ಕದಲ್ಲಿ ಬರುವುದು ವೇಗವಲ್ಲ, ವೇಗದ ವರ್ಗ.

ನಿಲ್ಲುವ ದೂರಕ್ಕೂ ಇದೇ ನಿಯಮ. 40 ಕಿ.ಮೀ. ವೇಗದಲ್ಲಿದ್ದಾಗ ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 9 ಮೀಟರ್, ಒದ್ದೆ ರಸ್ತೆಯಲ್ಲಿ 16 ಮೀಟರ್, ಮರಳಿದ್ದರೆ 31 ಮೀಟರ್. ಅಪಾಯ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಗಾಡಿ ಆಗಲೇ 11 ಮೀಟರ್ ಓಡಿರುತ್ತದೆ. ಇದನ್ನೂ ಸೇರಿಸಿಕೊಳ್ಳಿ. ವೇಗವನ್ನು ಎರಡರಷ್ಟು ಮಾಡಿದರೆ ಬ್ರೇಕಿನ ದೂರ ನಾಲ್ಕರಷ್ಟಾಗುತ್ತದೆ.

ಇನ್ನೊಂದು ವಿಷಯ. ಸರಿಯಾಗಿ ಉರುಳುತ್ತಿರುವ ಟೈರಿನಲ್ಲಿ ನೆಲ ಮುಟ್ಟಿದ ಭಾಗ ಆ ಕ್ಷಣಕ್ಕೆ ನೆಲದ ಮೇಲೆ ನಿಂತೇ ಇರುತ್ತದೆ. ಅಲ್ಲಿ ಕೆಲಸ ಮಾಡುವುದು ಸ್ಥಾಯಿ ಘರ್ಷಣೆ. ಬ್ರೇಕ್ ಗಟ್ಟಿಯಾಗಿ ಹಿಡಿದು ಚಕ್ರ ಲಾಕ್ ಆಯಿತೋ, ಅದು ಜಾರು ಘರ್ಷಣೆಯಾಗುತ್ತದೆ. ಜಾರು ಘರ್ಷಣೆಗೆ ಬಲ ಕಡಿಮೆ, ಜೊತೆಗೆ ಗಾಡಿ ನಾವು ಹೇಳಿದ ದಿಕ್ಕಿಗೆ ತಿರುಗುವುದೂ ಇಲ್ಲ. ಚಕ್ರ ಲಾಕ್ ಆಗದಂತೆ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುವುದೇ ಎಬಿಎಸ್ ಕೆಲಸ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ದ್ವಿಚಕ್ರ ವಾಹನಗಳಿಗೆಲ್ಲ ಇದು ಕಡ್ಡಾಯವಾಯಿತು. ಆದರೆ ಎಬಿಎಸ್ ಇರುವ ಹಿಡಿತವನ್ನು ಪೂರ್ತಿ ಬಳಸಿಕೊಡುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ.

ಮೊದಲ ಮಳೆಯ ಹತ್ತು ನಿಮಿಷ

ಏಪ್ರಿಲ್, ಮೇ ತಿಂಗಳಲ್ಲಿ ಬರುವ ಅಶ್ವಿನಿ, ಭರಣಿ ಮಳೆಯ ಮಣ್ಣಿನ ವಾಸನೆ ನಮಗೆಲ್ಲ ಇಷ್ಟ. ಗಾಡಿಯಲ್ಲಿರುವವರು ಹುಷಾರಾಗಿರಬೇಕಾದ್ದೂ ಅದೇ ಮಳೆಗೆ. ತಿಂಗಳುಗಟ್ಟಲೆ ರಸ್ತೆಗೆ ತೊಟ್ಟಿಕ್ಕಿದ ಎಂಜಿನ್ ಆಯಿಲ್, ಸವೆದ ರಬ್ಬರಿನ ಪುಡಿ, ಧೂಳು ಎಲ್ಲ ಮೊದಲ ಹನಿಗಳ ಜೊತೆ ಕಲಸಿ ಲೋಳೆಯಾಗುತ್ತವೆ. ಜೋರು ಮಳೆ ಇದನ್ನು ತೊಳೆಯುತ್ತದೆ, ತುಂತುರು ತೊಳೆಯುವುದಿಲ್ಲ. ಕಾರ್ಡ್ ರೋಡ್, ಮಾಗಡಿ ರೋಡ್, ಮೈಸೂರು ರೋಡಿನ ಸಿಗ್ನಲ್‌ಗಳಲ್ಲಿ ಗಾಡಿಗಳು ನಿಂತು ನಿಂತು ಎಣ್ಣೆ ಸುರಿಸುವ ಜಾಗದಲ್ಲೇ ಕಾಲೂರುವಾಗ ಜಾರುವುದು ಇದಕ್ಕೇ. ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಮೇಲ್ಸೇತುವೆಯ ಕಬ್ಬಿಣದ ಜಾಯಿಂಟ್ ಒದ್ದೆಯಾದಾಗಲೂ ಇದೇ ಕಥೆ. ಇವುಗಳ ಮೇಲೆ ಬಾಗಬೇಡಿ, ಬ್ರೇಕ್ ಹಿಡಿಯಬೇಡಿ, ನೆಟ್ಟಗೆ ದಾಟಿ.

ಟೈರಿನ ಗೀರುಗಳು ಇರುವುದೂ ನೀರಿಗಾಗಿ. ಒಣ ರಸ್ತೆಯಲ್ಲಿ ಅವುಗಳಿಂದ ದೊಡ್ಡ ಉಪಕಾರವಿಲ್ಲ, ರೇಸಿನ ಟೈರುಗಳು ನುಣ್ಣಗೇ ಇರುತ್ತವೆ. ಮಳೆಯಲ್ಲಿ ನೀರು ಪಕ್ಕಕ್ಕೆ ಹೋಗಲು ದಾರಿ ಬೇಕು, ಇಲ್ಲದಿದ್ದರೆ ರಬ್ಬರು ನೀರಿನ ಮೇಲೇ ತೇಲುತ್ತದೆ. ನನ್ನ ಗಾಡಿ ರಿಪೇರಿ ಮಾಡಿದ ಕಾಮಾಕ್ಷಿಪಾಳ್ಯದ ಮೆಕ್ಯಾನಿಕ್ ಹಿಂದಿನ ಟೈರಿಗೆ ಬೆರಳಿಟ್ಟು, “ಇದು ಬೋಳಾಗಿದೆ ಸಾರ್, ಮಳೆಗಾಲಕ್ಕೆ ಮುಂಚೆ ಬದಲಾಯಿಸಿಬಿಡಿ” ಅಂದರು. ಆ ತಪ್ಪು ನನ್ನದೇ, ಒಪ್ಪಿಕೊಂಡೆ.

ಹಾಗಾದರೆ ಇನ್ನರ್ಧ ಯಾರದು?

ನನ್ನ ಪಾಲನ್ನು ಒಪ್ಪುತ್ತೇನೆ. ತಿರುವಿಗೆ ಮುಂಚೆಯೇ ವೇಗ ಇಳಿಸಬೇಕಿತ್ತು. ಆದರೆ ಜೋಡಿಯ ಇನ್ನೊಂದು ಭಾಗವನ್ನು ನಾನು ಕೈಯಾರೆ ಸರಿಮಾಡಲು ಆಗುವುದಿಲ್ಲ. ರಸ್ತೆ ವಿನ್ಯಾಸಕ್ಕೆ ಮಾನದಂಡ ಕೊಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಬ್ರೇಕಿನ ಲೆಕ್ಕಕ್ಕೆ 0.35ರಿಂದ 0.40 ಗುಣಾಂಕ ಇಟ್ಟುಕೊಳ್ಳುತ್ತದೆ. ಅಂದರೆ ರಸ್ತೆ ಒದ್ದೆಯಾದಾಗಲೂ ಅಷ್ಟಾದರೂ ಹಿಡಿತ ಕೊಡುತ್ತದೆ ಅನ್ನುವುದು ಸರ್ಕಾರಿ ಎಂಜಿನಿಯರ್ ಕಾಗದದ ಮೇಲೆ ನನಗೆ ಕೊಟ್ಟ ಮಾತು. ತಿರುವಿನಲ್ಲಿ ಮರಳು ಬಿಟ್ಟರೆ ಆ ಮಾತು ಮುರಿದಂತೆ.

ಕಾನೂನೂ ಇದನ್ನು ಗುರುತಿಸಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಸೆಕ್ಷನ್ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಚೀಟಿಯಲ್ಲೇ ‘ಸೆಲ್ಫ್’ ಅಂತ ಬರೆದು ಮುಗಿಸಿದರೆ ರಸ್ತೆಯ ಸ್ಥಿತಿಯನ್ನು ಹೋಗಿ ನೋಡುವವರು ಯಾರು? ಮಾರನೇ ದಿನ ಮಳೆ ಬಂದು ಮರಳು ಕೊಚ್ಚಿಹೋದರೆ ಸಾಕ್ಷಿಯೂ ಹೋಯಿತು.

ನನಗಾದದ್ದು ಮಣಿಕಟ್ಟಿನ ಬಿರುಕು, ವಾಸಿಯಾಯಿತು. ಹಿಂದೆ ಬಸ್ಸು ಬರುತ್ತಿದ್ದಾಗ ಇದೇ ತರ ಜಾರುವ ಡೆಲಿವರಿ ಹುಡುಗನಿಗೆ ಆ ಅದೃಷ್ಟ ಇರಲಿಕ್ಕಿಲ್ಲ. ಪಾಲಿಕೆ ಮಾಡಬೇಕಾದ್ದು ರಾಕೆಟ್ ವಿಜ್ಞಾನವಲ್ಲ. ಕಟ್ಟಡ ಸಾಮಗ್ರಿ ರಸ್ತೆಗಿಳಿಯದಂತೆ ನೋಡಿಕೊಳ್ಳುವುದು, ತಿರುವುಗಳನ್ನು ಗುಡಿಸುವುದು, ಮೊದಲ ಮಳೆಗೆ ಮುಂಚೆ ಸಿಗ್ನಲ್‌ಗಳ ಬಳಿ ಎಣ್ಣೆ ತೊಳೆಯುವುದು. ನಾವು ಮಾಡಬಹುದಾದ್ದು, ಯಾರಾದರೂ ಬಿದ್ದಾಗ ‘ಎಷ್ಟು ಸ್ಪೀಡಲ್ಲಿದ್ದೆ?’ ಅಂತ ಕೇಳಿದ ಮೇಲೆ ‘ಕೆಳಗೆ ಏನಿತ್ತು?’ ಅಂತಲೂ ಕೇಳುವುದು, ಆಗಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳುವುದು.

ಆ ಕ್ರಾಸ್‌ನಲ್ಲಿ ಈಗಲೂ ದಿನಾ ಓಡಾಡುತ್ತೇನೆ. ಪಟ್ಟಿ ಬಿಚ್ಚಿದ ವಾರ ನಾನೇ ಒಂದು ಪೊರಕೆ ತೆಗೆದುಕೊಂಡು ಹೋಗಿ ಗುಡಿಸಿದೆ. ಹತ್ತು ನಿಮಿಷದ ಕೆಲಸ. ಅಜ್ಜಿ ಗೇಟಿನಿಂದ ನೋಡಿ, “ಇದನ್ನ ಮೊದಲೇ ಯಾರಾದ್ರೂ ಮಾಡಬಹುದಿತ್ತು ಅಲ್ವಾ?” ಅಂದರು.